ಅಣ್ಣ ದೊರೆ ಕಡೆ, ತಮ್ಮ ದಂಗೆಯವರ ಕಡೆ

ಅಮೆರಿಕದ ಸ್ವಾತಂತ್ರ್ಯ ಯುದ್ಧ ಅಂದ್ರೆ ವಾಷಿಂಗ್ಟನ್ ಹೆಸರು ಎಲ್ಲರಿಗೂ ಗೊತ್ತು. ಆ ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಮೂಲನಿವಾಸಿಗಳ ಮುಖಂಡ ಜೋಸೆಫ್ ಬ್ರಾಂಟ್ ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ.

1743ರಲ್ಲಿ ಹುಟ್ಟಿದ ಈತ ಮೋಹಾಕ್ ಜನಾಂಗದವನು. ನ್ಯೂಯಾರ್ಕ್ ಸೀಮೆಯ ಗಡಿಯಲ್ಲಿ ಬಿಳಿಯರ ಹೊಲಕ್ಕೂ ಕಾಡಿಗೂ ನಡುವೆ ಇವರ ಹಳ್ಳಿಗಳು. ಮೋಹಾಕ್, ಒನೈಡಾ, ಸೆನೆಕಾ ಮುಂತಾಗಿ ಆರು ಜನಾಂಗಗಳದ್ದು ಒಂದೇ ಒಕ್ಕೂಟ. ಅಕ್ಕ ಮೋಲಿ ಇಂಗ್ಲಿಷ್ ಅಧಿಕಾರಿ ವಿಲಿಯಂ ಜಾನ್ಸನ್‌ನ ಜತೆ ಸಂಸಾರ ಮಾಡಿದವಳು. ಅವನ ದಯೆಯಿಂದ ಬ್ರಾಂಟ್ ಪಾದ್ರಿ ಶಾಲೆಯಲ್ಲಿ ಇಂಗ್ಲಿಷ್ ಕಲಿತ. 1776ರಲ್ಲಿ ಲಂಡನ್ನಿನಲ್ಲಿ ಮೂರನೇ ಜಾರ್ಜ್ ದೊರೆಯನ್ನೇ ಕಂಡ.

ಅವನ ಲೆಕ್ಕ ಸರಳ. ಭೂಮಿ ನುಂಗುವವರು ಪಕ್ಕದ ವಲಸಿಗರು. ಬೆಟ್ಟದ ಸಾಲು ದಾಟಬೇಡಿ ಅಂತ 1763ರಲ್ಲಿ ಅವರಿಗೆ ಹುಕುಂ ಹೊರಡಿಸಿದವನು ದೊರೆ. ಹಾಗಾಗಿ ದೊರೆಯೇ ವಾಸಿ.

ಒನೈಡಾದವರ ಲೆಕ್ಕ ಬೇರೆ. ದಿನಬೆಳಗಾದರೆ ಮುಖ ನೋಡಬೇಕಾದ್ದು ವಲಸಿಗರದ್ದು, ಅವರ ಪಾದ್ರಿಯೂ ದಂಗೆಯವರ ಪರ. 1777ರ ಆಗಸ್ಟ್ 6ರಂದು ಒರಿಸ್ಕನಿಯಲ್ಲಿ ಒಂದೇ ಒಕ್ಕೂಟದವರು ಎದುರುಬದುರು ನಿಂತು ಕಡಿದಾಡಿದರು. ಅದಾದ ಮೇಲೆ ಬ್ರಾಂಟ್ ಕಡೆಯವರು ಒನೈಡಾ ಹಳ್ಳಿ ಸುಟ್ಟರು. ಒನೈಡಾದವರು ಸುಮ್ಮನಿದ್ದಾರೆಯೇ? ಬಂದು ಮೋಲಿಯ ಮನೆ ದೋಚಿದರು.

1778ರಲ್ಲಿ ವಯೋಮಿಂಗ್ ಕಣಿವೆಯ ಹತ್ಯಾಕಾಂಡವನ್ನೂ ವಲಸಿಗರು ಬ್ರಾಂಟ್ ತಲೆಗೇ ಕಟ್ಟಿದರು. ಪಾಪ, ಆವತ್ತು ಅವನು ಅಲ್ಲಿರಲೇ ಇಲ್ಲ!

1779ರಲ್ಲಿ ವಾಷಿಂಗ್ಟನ್ ಕಳಿಸಿದ ದಂಡು 40ಕ್ಕೂ ಹೆಚ್ಚು ಹಳ್ಳಿ ಸುಟ್ಟಿತು. ನಿಂತ ಜೋಳದ ಬೆಳೆ, ಹಣ್ಣಿನ ಮರ ಒಂದನ್ನೂ ಬಿಡಲಿಲ್ಲ. ಜನ ನಯಾಗರಾ ಕೋಟೆಗೆ ಓಡಿ, ಆ ಚಳಿಗಾಲ ಹಸಿವಿನಿಂದ ಸತ್ತರು.

1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್ ಶರಣಾದ. ಹೌದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡನಲ್ಲ, ಅವನೇ. 1783ರ ಪ್ಯಾರಿಸ್ ಒಪ್ಪಂದದಲ್ಲಿ ದೊರೆಯ ಕಡೆಯವರು ಈ ಜನರ ಹೆಸರನ್ನೇ ಎತ್ತಲಿಲ್ಲ. ಭೂಮಿಯೆಲ್ಲ ಅಮೆರಿಕದ ಲೆಕ್ಕಕ್ಕೆ ಹೋಯಿತು.

ಬ್ರಾಂಟ್ ಜಗ್ಗಾಡಿ 1784ರಲ್ಲಿ ಕೆನಡಾದ ಗ್ರಾಂಡ್ ನದಿಯ ಎರಡೂ ದಂಡೆಗೆ ಆರಾರು ಮೈಲಿ ಜಾಗ ಬರೆಸಿಕೊಂಡ. ಆಮೇಲೆ ಅದರಲ್ಲೇ ದೊಡ್ಡ ದೊಡ್ಡ ತುಂಡುಗಳನ್ನು ಬಿಳಿಯರಿಗೆ ಮಾರಿದ, ತನ್ನವರಿಂದಲೇ ಬೈಸಿಕೊಂಡ. ಅವನು ತೀರಿಕೊಂಡಿದ್ದು 1807ರ ನವೆಂಬರ್ 24ರಂದು.

ಗೆದ್ದವರ ಜತೆಗಿದ್ದ ಒನೈಡಾದವರಿಗೇನು ಸಿಕ್ಕಿತು? ನ್ಯೂಯಾರ್ಕ್ ಸರ್ಕಾರ 1785 ಮತ್ತು 1788ರಲ್ಲಿ ಸಹಿ ಹಾಕಿಸಿಕೊಂಡು ಅವರ ಬಹುಪಾಲು ಭೂಮಿ ತಗೊಂಡಿತು. ಬ್ರಾಂಟ್ ಬರೆಸಿಕೊಂಡ ನದಿ ದಂಡೆಯ ತಕರಾರೂ 1995ರಲ್ಲಿ ಕೋರ್ಟು ಹತ್ತಿತು.