ಬಂಗಾಳದ ನದಿಗಳನ್ನು ಅಳೆದ ಜೇಮ್ಸ್ ರೆನೆಲ್

ಭಾರತದ ಭೂಪಟ ರಚನೆಯ ಇತಿಹಾಸದಲ್ಲಿ ಮೇಜರ್ ಜೇಮ್ಸ್ ರೆನೆಲ್ ಅವರದ್ದು ಚಿರಸ್ಥಾಯಿ ಹೆಸರು. 1742ರಲ್ಲಿ ಇಂಗ್ಲೆಂಡಿನ ಡೆವನ್‌ನಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ಹದಿಹರೆಯದಲ್ಲೇ ನೌಕಾಪಡೆ ಸೇರಿದರು. 1764ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಗಂಗಾ ಮುಖಜಭೂಮಿಯ ಸರ್ವೇಗೆ ಅವರನ್ನು ನೇಮಿಸಿದಾಗ ವಯಸ್ಸು ಕೇವಲ 21. 1766ರಲ್ಲಿ ಸನ್ಯಾಸಿಗಳ ಕತ್ತಿಯೇಟಿನಿಂದ ತೀವ್ರ ಗಾಯಗೊಂಡರೂ ಕೆಲಸ ಬಿಡಲಿಲ್ಲ. ಮರುವರ್ಷವೇ ಬಂಗಾಳದ ಸರ್ವೇಯರ್ ಜನರಲ್ ಆದರು.

ಕಂಪೆನಿಗೆ ಬೇಕಿದ್ದುದು ವ್ಯಾಪಾರದ ಜಲಮಾರ್ಗ ಮತ್ತು ಕಂದಾಯ. ಆದರೆ 1787ರ ಪ್ರವಾಹದಲ್ಲಿ ತೀಸ್ತಾ ನದಿ, ಬಳಿಕ ಬ್ರಹ್ಮಪುತ್ರಾ ಪಾತ್ರ ಬದಲಿಸಿ ರೈತರ ನೆಲದ ಚಿತ್ರಣವೇ ಬೇರೆಯಾಯಿತು. ನದಿಗಳು ಹಿಂದೆ ಎಲ್ಲಿ ಹರಿಯುತ್ತಿದ್ದವು ಎಂಬುದಕ್ಕೆ ರೆನೆಲ್ ಅವರ ಬಂಗಾಳ ಅಟ್ಲಾಸ್ ಇಂದಿಗೂ ಆಧಾರ. 1830ರ ಮಾರ್ಚ್ 29ರಂದು ನಿಧನರಾದ ಅವರ ಸಮಾಧಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿದೆ.