ಹೆಸರು ಕಳೆದುಕೊಂಡ ಡೆರಿಂಜರ್

ಲಿಂಕನ್ನನ ಹತ್ಯೆಯ ಪಾಠ ಮಾಡುವಾಗ ನಾವು ಕೊಲೆಗಾರ ಬೂತನ ಹೆಸರನ್ನು ಹೇಳುತ್ತೇವೆ. ಅವನ ಕೈಯಲ್ಲಿದ್ದ ಪಿಸ್ತೂಲನ್ನು ಮಾಡಿದವನ ಹೆಸರನ್ನು ಹೇಳುವುದಿಲ್ಲ. ಆತ ಹೆನ್ರಿ ಡೆರಿಂಜರ್.

1786ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಈಸ್ಟನ್ನಿನಲ್ಲಿ ಜನನ. ಜರ್ಮನಿಯಿಂದ ಬಂದ ತಂದೆಯೂ ಕೋವಿ ಮಾಡುವವನೇ. ಮಗ ಫಿಲಡೆಲ್ಫಿಯದಲ್ಲಿ ನೆಲೆಸಿ ಸರಕಾರಕ್ಕೆ ಬಂದೂಕು ಒದಗಿಸಿದ. ಆದರೆ ಕೀರ್ತಿ ತಂದದ್ದು ಅಂಗಿಯ ಕಿಸೆಯಲ್ಲಿ ಅಡಗುವ ಪುಟ್ಟ ಪಿಸ್ತೂಲು. ಅದಕ್ಕೆ ಒಂದೇ ಗುಂಡು. ಆದುದರಿಂದ ಜನ ಜೋಡಿಯಾಗಿಯೇ ಕೊಳ್ಳುತ್ತಿದ್ದರು. ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಕ್ಕೆ ನುಗ್ಗಿದವರಿಗಂತೂ ಅದು ಬೇಕೇ ಬೇಕು.

ಡೆರಿಂಜರ್ ಅದಕ್ಕೆ ಪೇಟೆಂಟ್ ಪಡೆದಿರಲಿಲ್ಲ. ಅವನಲ್ಲಿ ದುಡಿದವರೇ ಹೊರಬಂದು ಅಗ್ಗದ ನಕಲು ಮಾಡಿ, ಅವನ ಹೆಸರನ್ನೇ ಒತ್ತಿ ಮಾರಾಟಕ್ಕೆ ಬಿಟ್ಟರು. ಇನ್ನೊಂದು ತಂತ್ರ ಕೇಳಿದರೆ ನಗು ಬರುತ್ತದೆ: ಅದೇ ಮನೆತನದ ಹೆಸರುಳ್ಳ ದರ್ಜಿಯೊಬ್ಬನನ್ನು ಹುಡುಕಿ, ಅವನ ಹೆಸರಿನಲ್ಲಿ ಪಿಸ್ತೂಲು ಹೊರತಂದರು! ಸೂಜಿ ಹಿಡಿದವನು ಕೋವಿಗಾರನಾದ. ವೃದ್ಧ ಡೆರಿಂಜರ್ ಸುಮ್ಮನಿರಲಿಲ್ಲ. ನಕಲು ಮಾರಿದ ಸಾನ್‌ಫ್ರಾನ್ಸಿಸ್ಕೋದ ವ್ಯಾಪಾರಿಯ ಮೇಲೆ ದಾವೆ ಹೂಡಿದ. ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ ಆ ಗುರುತು ಅವನ ಸ್ವತ್ತೆಂದು ಎತ್ತಿಹಿಡಿಯಿತು.

ಆದರೆ 1865ರ ಎಪ್ರಿಲ್ 14ರ ರಾತ್ರಿ ಬೂತ್ ಹಾರಿಸಿದ್ದು ನಕಲಲ್ಲ, ಅಸಲು ಡೆರಿಂಜರ್. ಆ ಬಳಿಕ ಅಂಕಿತನಾಮ ರೂಢನಾಮವಾಯಿತು. ಯಾರು ಮಾಡಿದ ಕಿಸೆ ಪಿಸ್ತೂಲಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು, ಅದೂ ‘ಆರ್’ ಅಕ್ಷರವೊಂದು ಹೆಚ್ಚಾಗಿ. 1868ರಲ್ಲಿ ಆತ ತೀರಿಕೊಂಡ. ಬೂತನ ಪಿಸ್ತೂಲು ಈಗ ವಾಷಿಂಗ್ಟನ್ನಿನ ಫೋರ್ಡ್ ನಾಟಕಶಾಲೆಯ ವಸ್ತುಸಂಗ್ರಹಾಲಯದಲ್ಲಿದೆ.