ಮಾರಿಯಾ ಮಾಂಟೆಸ್ಸೊರಿ: ಅಕ್ಷರಕ್ಕೂ ಮೊದಲು ಬೆರಳಿಗೆ ಪಾಠ ಹೇಳಿದ ವೈದ್ಯೆ

ಮಗುವಿನ ಅಕ್ಷರ ಸೊಟ್ಟಗಿದ್ದರೆ ಅದು ಸೋಮಾರಿತನ, ನೂರು ಸಲ ಬರೆಸಿದರೆ ಸರಿಹೋಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ನಿಜವೇ? 120 ವರ್ಷಗಳ ಹಿಂದೆಯೇ ಬೇರೆ ದಾರಿ ತೋರಿಸಿದ ವೈದ್ಯೆಯೊಬ್ಬರ ಹೆಸರು ಇಂದು ನಮ್ಮ ಬಡಾವಣೆಗಳ ಶಾಲಾ ಬೋರ್ಡುಗಳ ಮೇಲಿದೆ.

ಮಾರಿಯಾ ಮಾಂಟೆಸ್ಸೊರಿ 1870ರ ಆಗಸ್ಟ್ 31ರಂದು ಇಟಲಿಯ ಕಿಯಾರವಾಲ್ಲೆಯಲ್ಲಿ ಹುಟ್ಟಿದರು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಅವರು ಇಟಲಿಯ ಮೊದಲ ವೈದ್ಯೆ ಎಂಬ ಮಾತು ಹರಿದಾಡುತ್ತದೆ. ಅದು ಸರಿಯಲ್ಲ, ಅವರಿಗಿಂತ ಮೊದಲೇ ಕೆಲವು ಮಹಿಳೆಯರು ಅಲ್ಲಿ ವೈದ್ಯರಾಗಿದ್ದರು.

ಆಗ ರೋಮ್‌ನಲ್ಲಿ ಬುದ್ಧಿಮಾಂದ್ಯರೆಂದು ಕರೆಸಿಕೊಂಡ ಮಕ್ಕಳನ್ನು ಮಾನಸಿಕ ರೋಗಿಗಳ ಜೊತೆಯಲ್ಲೇ ಇಡುತ್ತಿದ್ದರು. ಇವರಿಗೆ ಔಷಧಿಗಿಂತ ಶಿಕ್ಷಣ ಬೇಕು ಎಂದು ಮಾಂಟೆಸ್ಸೊರಿಗೆ ಅನ್ನಿಸಿತು. 1900ರ ಹೊತ್ತಿಗೆ ಅಂಥ ಮಕ್ಕಳ ಶಾಲೆಯೊಂದರ ಹೊಣೆ ಅವರಿಗೆ ಸಿಕ್ಕಿತು.

ಅಲ್ಲಿ 11 ವರ್ಷದ ಹುಡುಗಿಯೊಬ್ಬಳಿಗೆ ಎಷ್ಟು ಕಲಿಸಿದರೂ ಸೂಜಿಯ ಹೊಲಿಗೆ ಬರಲಿಲ್ಲ. ಮಾಂಟೆಸ್ಸೊರಿ ಬೈಯಲಿಲ್ಲ, ಮತ್ತೆ ಮತ್ತೆ ಹೊಲಿಸಲೂ ಇಲ್ಲ. ಕಾಗದದ ಪಟ್ಟಿಗಳನ್ನು ಮೇಲೆ ಕೆಳಗೆ ತೂರಿಸಿ ಚಾಪೆಯಂತೆ ನೇಯಲು ಕೊಟ್ಟರು. ಅದು ಕೈಗೆ ಹತ್ತಿದ ಮೇಲೆ ಹೊಲಿಗೆಯೂ ಬಂತು. ಕೆಲಸಕ್ಕೆ ಬೇಕಾದ ಚಲನೆಯನ್ನು ಕೈಗೆ ಮೊದಲು ಬೇರೆ ರೀತಿಯಲ್ಲಿ ಕಲಿಸಬೇಕು ಎಂಬುದು ಅವರಿಗೆ ಹೊಳೆಯಿತು.

ಬರವಣಿಗೆಗೂ ಇದೇ ದಾರಿ ಹಿಡಿದರು. ಮರದ ಅಕ್ಷರಗಳ ಮೇಲೆ ಮಕ್ಕಳು ಬೆರಳಾಡಿಸಿ ಕಲಿತರು. ಕೆಲವರು ಸಾಮಾನ್ಯ ಶಾಲೆಯ ಪರೀಕ್ಷೆಯಲ್ಲೂ ಪಾಸಾದರು. ಜನ ಪವಾಡ ಎಂದರು. ಮಾಂಟೆಸ್ಸೊರಿ ಮಾತ್ರ, ಹಾಗಾದರೆ ಆರೋಗ್ಯವಂತ ಮಕ್ಕಳನ್ನು ಹಿಂದೆ ಎಳೆಯುತ್ತಿರುವುದು ಏನು ಎಂದು ಯೋಚಿಸತೊಡಗಿದರು.

1907ರ ಜನವರಿ 6ರಂದು ರೋಮ್‌ನ ಬಡವರ ಬಡಾವಣೆ ಸ್ಯಾನ್ ಲೊರೆಂಜೊದಲ್ಲಿ ಮಕ್ಕಳ ಮನೆ ತೆರೆಯಿತು. ಗುಂಡಿ ಹಾಕುವುದು, ನೀರು ಸುರಿಯುವುದು, ಮೂರು ಬೆರಳಲ್ಲಿ ಹಿಡಿಯುವ ಪುಟ್ಟ ಹಿಡಿಕೆಗಳು, ಉಪ್ಪುಕಾಗದದ ಅಕ್ಷರಗಳು ಎಲ್ಲವೂ ಪೆನ್ಸಿಲ್‌ಗೆ ಮುಂಚಿನ ತಯಾರಿಯಾದವು.

1939ರಲ್ಲಿ ಅವರು ಮದ್ರಾಸಿನ ಅಡ್ಯಾರಿಗೆ ಬಂದರು. ಯುದ್ಧದಿಂದಾಗಿ ಇಲ್ಲೇ ಉಳಿಯಬೇಕಾಯಿತು. ಕೆಲವು ವರ್ಷ ಕೊಡೈಕೆನಾಲ್‌ನಲ್ಲಿದ್ದರು. ಆ ಅವಧಿಯಲ್ಲಿ ಸಾವಿರಕ್ಕೂ ಹೆಚ್ಚು ಶಿಕ್ಷಕರು ಅವರಿಂದ ತರಬೇತಿ ಪಡೆದರು. 1952ರ ಮೇ 6ರಂದು ನೆದರ್ಲೆಂಡ್ಸ್‌ನಲ್ಲಿ ತೀರಿಕೊಂಡರು.

ಹಾಗಾದರೆ ಮಾಂಟೆಸ್ಸೊರಿ ಸಾಮಗ್ರಿ ಡಿಸ್ಲೆಕ್ಸಿಯಾ ಗುಣಪಡಿಸುತ್ತದೆಯೇ? ಇಲ್ಲ. ಕಲಿಕಾ ನ್ಯೂನತೆ ಎಂಬ ಹೆಸರು ಬಳಕೆಗೆ ಬಂದದ್ದೇ ಅವರ ಸಾವಿನ ನಂತರ, 1960ರ ದಶಕದಲ್ಲಿ. ಅದು ಬುದ್ಧಿಮಾಂದ್ಯವೂ ಅಲ್ಲ, ಮದ್ದಿನಿಂದ ವಾಸಿಯಾಗುವ ಕಾಯಿಲೆಯೂ ಅಲ್ಲ. ಆದರೆ ಇಂಥ ಅನೇಕ ಮಕ್ಕಳಿಗೆ ಕೈ-ಕಣ್ಣಿನ ಹೊಂದಾಣಿಕೆಯೂ ಕಷ್ಟ. ಶಾಲಾ ವಯಸ್ಸಿನ 100 ಮಕ್ಕಳಲ್ಲಿ ಸುಮಾರು 5 ಮಂದಿಗೆ ಚಲನೆಯ ಹೊಂದಾಣಿಕೆಯ ತೊಂದರೆ ಇರುತ್ತದೆ ಎಂಬ ಅಂದಾಜಿದೆ.

ನಿಮ್ಮ ಮಗು ಗುಂಡಿ ಹಾಕಲು, ಕತ್ತರಿ ಹಿಡಿಯಲು, ಬೋರ್ಡ್ ನೋಡಿ ಬರೆಯಲು ವಯಸ್ಸಿಗೆ ಮೀರಿ ಕಷ್ಟಪಡುತ್ತಿದ್ದರೆ ಮಕ್ಕಳ ವೈದ್ಯರಿಗೂ ಆಕ್ಯುಪೇಷನಲ್ ಥೆರಪಿಸ್ಟ್‌ಗೂ ತೋರಿಸಿ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದೆ. ನೂರನೇ ಸಲ ಬರೆಸುವ ಮೊದಲು ಆ ಹುಡುಗಿಯ ಕಾಗದದ ಚಾಪೆಯನ್ನು ನೆನಪಿಸಿಕೊಳ್ಳೋಣ.